ಹಲ್ಲು ಇಳಿಸಿದ ಮಷೀನಿನ ಮೇಲೆ ಕೌದಿ

ಮುಂಬೈ ಕಡೆಯಿಂದ ನಾಸಿಕ್ಕಿಗೆ ಹೊರಟ ರೈಲು ಕಸಾರಾ ಘಾಟು ಹತ್ತಿ ಇಗತ್ಪುರಿ ದಾಟಿದ ಮೇಲೆ ಬರುವ ಮೊದಲ ನಿಲ್ದಾಣ ಘೋಟಿ. ಸಹ್ಯಾದ್ರಿಯ ನೆತ್ತಿಯಲ್ಲಿರುವ ಇಗತ್ಪುರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಘೋಟಿಯ ಸುತ್ತೆಲ್ಲ ಭತ್ತದ ಗದ್ದೆ, ಊರೊಳಗೆ ಅಕ್ಕಿ ಗಿರಣಿಗಳು. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ 1646 ಮೀಟರಿನ ಕಳಸೂಬಾಯಿಗೆ ಹೊರಟವರು ಇಲ್ಲಿಂದಲೇ ತಿರುಗಿಕೊಳ್ಳುತ್ತಾರೆ. ಜೂನ್ ಬಂತೆಂದರೆ ನಾಲ್ಕು ತಿಂಗಳು ಥಂಡಿ, ಅದು ಮುಗಿಯುತ್ತಿದ್ದಂತೆ ಚಳಿಗಾಲ. ಇಂಥ ಊರಿನಲ್ಲಿ ಹೊದಿಕೆ ಇಲ್ಲದ ಮನೆ ನಡೆಯುವುದಿಲ್ಲ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಉದ್ದುದ್ದಕ್ಕೆ ಓಟದ ಹೊಲಿಗೆ ಹಾಕಿ ಮಾಡುವ ಗೋಧಡಿ ಇಲ್ಲಿನ ಮನೆಗಳ ಮಡಿಕೆಗಂಟಿನಲ್ಲಿ ಇದ್ದೇ ಇರುತ್ತದೆ.

ನಾಸಿಕ್ ಜಿಲ್ಲೆಯ ಬಟ್ಟೆ ಎಂದರೆ ಎಲ್ಲರ ಬಾಯಲ್ಲೂ ಬರುವುದು ಯೇವಲೆಯ ಪೈಠಣಿ. ಅತ್ತ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಆ ಸೀರೆಗೆ ಹೆಸರು ಕೊಟ್ಟ ಪೈಠಣವಿದೆ, ಹಿಮರೂ ಶಾಲು ಇದೆ. ಮದುವೆಗೆ ಉಡುವ ಈ ಬಟ್ಟೆಗಳಿಗೆ ಸಿಕ್ಕ ಮಾನ, ದಿನಾ ರಾತ್ರಿ ಮೈ ಕಾಯುವ ಗೋಧಡಿಗೆ ಬಹುಕಾಲ ಸಿಗಲಿಲ್ಲ. ಮುಂಬೈಯ ಕ್ವಿಲ್ಟ್ ಕಲಾವಿದೆ ಗೀತಾ ಖಂಡೇಲ್‌ವಾಲ್ ಮಹಾರಾಷ್ಟ್ರದ ಗೋಧಡಿಗಳ ಮೇಲೆಯೇ ಒಂದು ಪುಸ್ತಕ ತಂದದ್ದು ಈಚಿನ ಸಂಗತಿ. ಚಿಂದಿಯನ್ನೇ ಮೈಮೇಲೆ ಹಾಕಿಕೊಂಡು, ಕೈಯಲ್ಲಿ ಪೊರಕೆ ಹಿಡಿದು ಊರೂರು ಗುಡಿಸಿದ ಸಂತ ಗಾಡಗೆ ಮಹಾರಾಜರನ್ನು (1876–1956) ಜನ ಗೋಧಡೆ ಬುವಾ ಎಂದೂ ಕರೆಯುತ್ತಿದ್ದರು. ಆ ಸಂತರು ಬಡ ಯಾತ್ರಿಕರಿಗಾಗಿ ನಾಸಿಕ್ಕಿನಲ್ಲೂ ಧರ್ಮಶಾಲೆ ಕಟ್ಟಿಸಿದರು.

ಇದೇ ಹೊದಿಕೆ ಭೀಮೆ ದಾಟಿ ನಮ್ಮ ಕಡೆ ಬಂದರೆ ಕೌದಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡದ ಯಾವ ಮನೆಯ ಬಾಣಂತಿಯೂ ಕೂಸಿನ ಕೆಳಗೆ ಮೊದಲು ಹಾಸುವುದು ಕೌದಿಯನ್ನೇ. ಎರಡೂ ಸೀಮೆಗೆ ಸೇರಿದ ಗೊಂದಲಿಗರು ರಾತ್ರಿಯೆಲ್ಲ ಸಂಬಾಳ, ತುಂತುಣಿ ಹಿಡಿದು ಅಂಬಾಭವಾನಿಯ ಗೊಂದಲ ಹಾಕಿದರೆ, ಅವರ ಹೆಂಗಸರು ಹಗಲು ಓಣಿ ಓಣಿ ತಿರುಗಿ ಕೌದಿ ಹೊಲಿದು ಕೊಡುತ್ತಿದ್ದರು. ಗೊಂದಲಿ ಹಾಡುಗಾರಿಕೆಗಾಗಿ ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಸಮುದಾಯದ ಹೆಣ್ಣುಮಕ್ಕಳ ಸೂಜಿಗೂ ಅಂಥ ಒಂದು ದಿನ ಬರಬೇಕೆಂದು ನನ್ನ ಆಸೆ.

ಈಗ ಕೌದಿ ಹೊಲಿಯುವವರು ಓಣಿಗೆ ಬರುವುದು ಕಡಿಮೆಯಾಗಿದೆ. ಹಳೆ ಸೀರೆಗಳು ಮಾತ್ರ ಟ್ರಂಕಿನಲ್ಲಿ ಹಾಗೇ ಇವೆ. ಅದೇ ಕೋಣೆಯ ಮೂಲೆಯಲ್ಲಿ ಮುಸುಕು ಹಾಕಿಕೊಂಡ ಒಂದು ಹೊಲಿಗೆ ಮಷೀನೂ ಇದೆ. ಉಷಾ, ಸಿಂಗರ್ ಅಥವಾ ಮೆರಿಟ್. ಅದರಲ್ಲಿ ಲಂಗ ಹೊಲಿಯಬಹುದು, ದಿಂಬಿನ ಕವರು ಹೊಲಿಯಬಹುದು, ಕೌದಿ ಆಗುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ತೀರ್ಮಾನವಾಗಿಬಿಟ್ಟಿದೆ. ಆಗುತ್ತದೆ ಎಂದು ಹೇಳುವುದಕ್ಕೇ ಈ ಬರಹ. ಅದಕ್ಕೆ ಫ್ರೀ ಮೋಷನ್ ಕ್ವಿಲ್ಟಿಂಗ್ ಎಂಬ ದಾರಿಯಿದೆ. ನಮ್ಮ ಹೆಣ್ಣುಮಕ್ಕಳ ಕೈಗೆ ಆ ದಾರಿಯ ಅರ್ಧ ಈಗಾಗಲೇ ಗೊತ್ತು.

ಹಲ್ಲಿನ ಕೆಲಸ ಕೈಗೆ

ಮಷೀನಿನ ಪಾದ ಎತ್ತಿ ಸೂಜಿಯ ಕೆಳಗೆ ನೋಡಿ. ತಟ್ಟೆಯ ಸಂದಿಯಲ್ಲಿ ಗರಗಸದಂಥ ಸಣ್ಣ ಹಲ್ಲುಗಳ ಸಾಲಿದೆ. ಸೂಜಿ ಮೇಲೆ ಹೋದಾಗಲೆಲ್ಲ ಈ ಹಲ್ಲು ಏಳುತ್ತದೆ, ಬಟ್ಟೆಯನ್ನು ಹಿಂದಕ್ಕೆ ತಳ್ಳುತ್ತದೆ, ಕೆಳಗಿಳಿಯುತ್ತದೆ, ಮೊದಲಿನ ಜಾಗಕ್ಕೆ ಬರುತ್ತದೆ. ಈ ನಾಲ್ಕು ಚಲನೆಯ ಏರ್ಪಾಟಿಗೆ ಅಮೆರಿಕದ ಅಲೆನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದ. ಹೊಲಿಗೆ ನೆಟ್ಟಗೆ, ಸಮಾನ ಅಳತೆಯಲ್ಲಿ ಬೀಳುವುದು ಈ ಹಲ್ಲುಗಳಿಂದ. ಬಟ್ಟೆ ಒಂದೇ ದಿಕ್ಕಿಗೆ ಓಡುವುದೂ ಇವುಗಳಿಂದಲೇ. ಅಂಗಿ, ಕುಪ್ಪಸಕ್ಕೆ ಅದು ಸರಿ. ಕೌದಿಯ ಮೇಲೆ ಬಳ್ಳಿ ಎಳೆಯಬೇಕು, ಸುಳಿ ಸುತ್ತಬೇಕು ಎಂದರೆ ಮೂರು ಪದರದ ಆ ಗಂಟನ್ನು ಪ್ರತಿ ತಿರುವಿಗೂ ಮಷೀನಿನ ಸುತ್ತ ತಿರುಗಿಸುತ್ತ ಕೂರಬೇಕಾಗುತ್ತದೆ.

ಆ ಹಲ್ಲನ್ನು ಕೆಳಗಿಳಿಸಿಬಿಟ್ಟರೆ? ಸೂಜಿ ಮೇಲೆ ಕೆಳಗೆ ಆಡುತ್ತದೆ, ಬಟ್ಟೆ ಮಾತ್ರ ಕದಲುವುದಿಲ್ಲ. ಅದನ್ನು ಕದಲಿಸುವ ಕೆಲಸ ನಿಮ್ಮ ಎರಡು ಕೈಗಳಿಗೆ ಬರುತ್ತದೆ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ದುಂಡಗೆ, ಎತ್ತ ಬೇಕಾದರತ್ತ ಸರಿಸಬಹುದು. ಹೊಲಿಗೆ ಎಷ್ಟು ಉದ್ದವಿರಬೇಕೆಂದು ನಿರ್ಧರಿಸುವುದೂ ಕೈಯೇ. ಫ್ರೀ ಮೋಷನ್ ಎಂದರೆ ಇಷ್ಟೇ.

ಇದು ನಮ್ಮ ಪೇಟೆ ಬೀದಿಗಳಿಗೆ ಹೊಸದಲ್ಲ. ಮದುವೆ ಬ್ಲೌಸಿನ ತೋಳಿಗೆ ಮಷೀನ್ ಎಂಬ್ರಾಯ್ಡರಿ ಹಾಕುವವರು ಕೆಲಸಕ್ಕೆ ಕೂರುವ ಮೊದಲು ಹಲ್ಲು ತೆಗೆದಿರುತ್ತಾರೆ ಅಥವಾ ಇಳಿಸಿರುತ್ತಾರೆ. ಎಷ್ಟೋ ಜನ ಪಾದವನ್ನೂ ಬಿಚ್ಚಿಟ್ಟು, ಬಟ್ಟೆಯನ್ನು ರಿಂಗಿಗೆ ಬಿಗಿದು, ಗೆರೆ ಕೂಡ ಹಾಕಿಕೊಳ್ಳದೆ ನವಿಲು ಬಿಡಿಸುತ್ತಾರೆ. ಅಮೆರಿಕದ ಸಿಂಗರ್ ಕಂಪನಿ 1911ರಲ್ಲೇ ಮನೆ ಮಷೀನಿನಲ್ಲಿ ಕಸೂತಿ, ಲೇಸು ಮಾಡುವುದನ್ನು ಕಲಿಸುವ ಪುಸ್ತಕ ಹೊರತಂದಿತ್ತು. ಎಂಬ್ರಾಯ್ಡರಿಯವರು ಒಂದು ಪದರದ ಮೇಲೆ ಮಾಡುವುದನ್ನು ಕೌದಿಯವರು ಮೂರು ಪದರ ಸೇರಿಸಿ ಮಾಡುತ್ತಾರೆ. ವ್ಯತ್ಯಾಸ ಅಷ್ಟು.

ಯಂತ್ರಗಳನ್ನು ಅನುಮಾನದಿಂದಲೇ ನೋಡುತ್ತಿದ್ದ ಗಾಂಧೀಜಿ 1924ರಲ್ಲಿ ಜಿ. ರಾಮಚಂದ್ರನ್ ಜೊತೆ ಮಾತಾಡುತ್ತ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಹುಟ್ಟಿದ ಯಂತ್ರ ಅದು, ಅದರ ಹಿಂದೆ ಪ್ರೀತಿಯಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಮನುಷ್ಯನ ಅಂಗಾಂಗ ಬಳಕೆಯಿಲ್ಲದೆ ಸೊರಗುವಂತೆ ಯಂತ್ರ ಮಾಡಬಾರದು ಎಂದೂ ಅದೇ ಸಂಭಾಷಣೆಯಲ್ಲಿ ಹೇಳಿದರು. ಹಲ್ಲು ಇಳಿಸಿದ ಮಷೀನು ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ ಎಂದು ನನಗನ್ನಿಸುತ್ತದೆ. ಸೂಜಿ ಚುಚ್ಚುವ ಶ್ರಮ ಅದರದು, ಗೆರೆ ಎಳೆಯುವ ಬುದ್ಧಿ ಕೈಯದು.

ಮಷೀನು, ಬಟ್ಟೆ, ಗಂಜಿ

ಇದಕ್ಕೆಂದು ಹೊಸ ಮಷೀನು ಕೊಳ್ಳಬೇಡಿ. ಕಾಲಲ್ಲಿ ತುಳಿಯುವ ಹಳೆಯ ಕರಿ ಮಷೀನು ಈ ಕೆಲಸಕ್ಕೆ ಬಹಳ ಒಳ್ಳೆಯದು. ಎರಡೂ ಕೈ ಬಿಡುವಾಗಿರುತ್ತವೆ, ವೇಗ ಕಾಲಿನ ಹಿಡಿತದಲ್ಲಿರುತ್ತದೆ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಕೈಯಲ್ಲಿ ತಿರುಗಿಸುವ ಮಷೀನಾದರೆ ಒಂದು ಕೈ ಚಕ್ರಕ್ಕೇ ಹೋಗುವುದರಿಂದ ಕಷ್ಟ. ಮೋಟರಿನದಾದರೆ ಪೆಡಲನ್ನು ಹದವಾಗಿ ಒತ್ತುವ ಅಭ್ಯಾಸ ಬೇಕು.

ಹಲ್ಲು ಇಳಿಸಲು ಕೆಲವು ಮಷೀನುಗಳಲ್ಲಿ ಗುಂಡಿಯೋ ಸನ್ನೆಯೋ ಇರುತ್ತದೆ. ಕೆಲವಕ್ಕೆ ಹಲ್ಲಿನ ಮೇಲೆ ಕೂರುವ ಮುಚ್ಚಳ ತಟ್ಟೆ ಬರುತ್ತದೆ. ಎರಡೂ ಇಲ್ಲವೆಂದರೆ ಸ್ಕ್ರೂ ಸಡಿಲಿಸಿ ಹಲ್ಲನ್ನೇ ತೆಗೆಯಬಹುದು. ಮೊದಲ ಸಲ ಮಷೀನ್ ರಿಪೇರಿಯವರಿಂದ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಅದೂ ಬೇಡವೆಂದರೆ ನಡುವೆ ಸೂಜಿ ಇಳಿಯುವಷ್ಟು ತೂತು ಮಾಡಿದ ಗಟ್ಟಿ ನುಣುಪು ರಟ್ಟನ್ನು ಹಲ್ಲಿನ ಮೇಲೆ ಟೇಪಿನಿಂದ ಅಂಟಿಸಿ, ಹೊಲಿಗೆಯ ಅಳತೆಯನ್ನು ಸೊನ್ನೆಗಿಟ್ಟರೂ ಕೆಲಸ ನಡೆಯುತ್ತದೆ.

ಮಾಮೂಲು ಪಾದ ಬಟ್ಟೆಯನ್ನು ಒತ್ತಿ ಹಿಡಿಯುವುದರಿಂದ ಇಲ್ಲಿ ಬರುವುದಿಲ್ಲ. ಡಾರ್ನಿಂಗ್ ಫೂಟ್ ಬೇಕು. ಸ್ಪ್ರಿಂಗ್ ಇರುವ, ಕೆಳಗೆ ಉಂಗುರದಂತೆ ದುಂಡಗಿರುವ ಪಾದ ಅದು. ಸೂಜಿ ಮೇಲೆದ್ದಾಗ ತಾನೂ ಎದ್ದು ಬಟ್ಟೆ ಸರಿಯಲು ಬಿಡುತ್ತದೆ, ಸೂಜಿ ಇಳಿದಾಗ ಅದರ ಸುತ್ತ ಬಟ್ಟೆಯನ್ನು ಒತ್ತುತ್ತದೆ. ಬೆರಳಿಗೂ ಸೂಜಿಗೂ ನಡುವೆ ಬೇಲಿಯಾಗುವುದೂ ಅದೇ. ಪಾದವಿಲ್ಲದೆ ಹೊಲಿಯುವ ಎಂಬ್ರಾಯ್ಡರಿಯವರನ್ನು ನೋಡಿ ಹೊಸಬರು ಆಸೆಪಡಬಾರದು. ಅಂಗಡಿಗೆ ಹೋಗುವಾಗ ಹಳೆಯ ಪಾದವನ್ನೇ ಮಾದರಿಗೆ ಒಯ್ಯಿರಿ. ಮಷೀನಿನಲ್ಲಿ ಪಾದ ಸಿಕ್ಕಿಸುವ ಕಾಲು ಗಿಡ್ಡವೋ ಉದ್ದವೋ ಎಂಬುದರ ಮೇಲೆ ಪಾದ ಬದಲಾಗುತ್ತದೆ. ಸೂಜಿ 14ನೇ ನಂಬರಿನದು, ಪದರ ದಪ್ಪವಾದರೆ 16. ಹೊಸ ಕೌದಿಗೆ ಹೊಸ ಸೂಜಿ. ಮೊಂಡು ಸೂಜಿಯಿಂದ ಆಗುವ ಅನಾಹುತಕ್ಕೆ ಟೆನ್ಷನ್ನನ್ನೂ ದಾರವನ್ನೂ ಬೈಯುತ್ತ ಕೂರುವುದು ವ್ಯರ್ಥ. ದಾರ ಮಾತ್ರ ಒಳ್ಳೆಯದಿರಲಿ. ಅಗ್ಗದ ದಾರ ನವಿರೆದ್ದು ಬಾಬಿನ್ ಗೂಡಿನಲ್ಲಿ ಹಿಂಜು ತುಂಬುತ್ತದೆ. ಗಂಟೆ ಎರಡು ಗಂಟೆ ಹೊಲಿದ ಮೇಲೆ ಗೂಡು ಬಿಚ್ಚಿ ಬ್ರಶ್ಶಿನಿಂದ ಗುಡಿಸಿ, ಒಂದು ಹನಿ ಎಣ್ಣೆ ಬಿಡಬೇಕು. ಘೋಟಿಯಂಥ, ನಮ್ಮ ಮಲೆನಾಡಿನಂಥ ಮಳೆಸೀಮೆಯಲ್ಲಿ ಈ ಎಣ್ಣೆ ತಪ್ಪಿದರೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು.

ಇನ್ನು ಬಟ್ಟೆ. ಅಜ್ಜಿಯರ ಕಾಲದ ಕೌದಿ ಅಷ್ಟು ಮೆತ್ತಗಿದ್ದದ್ದು ಒಗೆದು ಒಗೆದು ಸವೆದ ಹತ್ತಿ ಸೀರೆಗಳಿಂದ. ಈಗಿನ ಟ್ರಂಕುಗಳಲ್ಲಿ ಪಾಲಿಯೆಸ್ಟರ್ ಸೀರೆಗಳೇ ಹೆಚ್ಚು. ಅವು ಒಂದರ ಮೇಲೊಂದು ಜಾರುತ್ತವೆ, ಬೆವರು ಹೀರುವುದಿಲ್ಲ. ಕಲಿಯುವವರು ಅವನ್ನು ಮುಟ್ಟದಿರುವುದು ಒಳ್ಳೆಯದು. ಹತ್ತಿ ಸೀರೆ, ಹತ್ತಿ ಬೆಡ್‌ಶೀಟು, ಧೋತರ, ದುಪಟ್ಟಾ ಆರಿಸಿ. ಬೆಳಕಿಗೆ ಹಿಡಿದಾಗ ಎಳೆ ಬಿಟ್ಟಂತೆ ಕಂಡರೆ ಆ ಭಾಗ ಮೇಲುಪದರಕ್ಕೆ ಬೇಡ. ಕೈಸೂಜಿ ಎಳೆಗಳ ನಡುವೆ ಜಾಗ ಹುಡುಕಿಕೊಂಡು ಹೋಗುತ್ತದೆ. ಮಷೀನಿನ ಸೂಜಿಗೆ ಆ ದಾಕ್ಷಿಣ್ಯವಿಲ್ಲ, ಜೀರ್ಣವಾದ ಬಟ್ಟೆಯನ್ನು ಸೀಳಿಬಿಡುತ್ತದೆ. ಕೈಕೌದಿಯಲ್ಲಿ ಆರೆಂಟು ಪದರ ಸಲ್ಲುತ್ತದೆ. ಮನೆ ಮಷೀನಿಗೆ ಅಷ್ಟು ಹೊರೆ ಬೇಡ: ಮೇಲೊಂದು, ಕೆಳಗೊಂದು, ನಡುವೆ ಬ್ಯಾಟಿಂಗ್ ಎಂಬ ಹತ್ತಿಯ ಹಾಸು ಅಥವಾ ಹಳೆಯ ತೆಳು ಹತ್ತಿ ಹೊದಿಕೆ. ತೆಳುವಾದ ಕೌದಿ ಮಳೆಗಾಲದಲ್ಲಿ ಒಣಗುವುದೂ ಬೇಗ.

ಅಕ್ಕಿಯ ಊರಿನ ನೆವದಲ್ಲಿ ಒಂದು ಉಪಾಯ ಹೇಳಬೇಕು. ಹಳೆಯ ಹತ್ತಿ ಬಟ್ಟೆ ಸೂಜಿಯ ಕೆಳಗೆ ಮುದುಡುತ್ತದೆ, ಎಳೆದತ್ತ ಬರುತ್ತದೆ. ಅನ್ನದ ಗಂಜಿಯನ್ನು ತೆಳ್ಳಗೆ ಸೋಸಿ, ಅಡಿಬಟ್ಟೆಗೂ ಮೇಲುಬಟ್ಟೆಗೂ ಕೊಟ್ಟು, ಒಣಗಿಸಿ ಇಸ್ತ್ರಿ ಮಾಡಿದರೆ ಬಟ್ಟೆ ಕಾಗದದಂತೆ ನಿಲ್ಲುತ್ತದೆ, ಮಷೀನಿನ ತಟ್ಟೆಯ ಮೇಲೆ ಸಲೀಸಾಗಿ ಜಾರುತ್ತದೆ. ದೂರದೇಶದ ಕ್ವಿಲ್ಟರುಗಳು ಡಬ್ಬಿಯಲ್ಲಿ ಬರುವ ಸ್ಟಾರ್ಚ್ ಸಿಂಪಡಿಸಿ ಪಡೆಯುವ ಅನುಕೂಲ ನಮ್ಮ ಅಡಿಗೆಮನೆಯಲ್ಲಿ ಬಸಿದು ಚೆಲ್ಲುವ ನೀರಿನಲ್ಲಿದೆ. ಕೌದಿ ಮುಗಿದ ಕೂಡಲೇ ಗಂಜಿ ಹೋಗುವಂತೆ ಒಗೆಯಬೇಕು. ಇಲ್ಲದಿದ್ದರೆ ಹುಳ ಬರುತ್ತದೆ.

ಅಂಚಿನಿಂದಲೋ ನಡುವಿನಿಂದಲೋ

ಹೊಲಿಗೆಗೆ ಮುಂಚೆ ಪದರಗಳನ್ನು ಜೋಡಿಸಿ ಬಿಗಿಯುವ ಕೆಲಸವಿದೆ. ಇದಕ್ಕೆ ಕೊಟ್ಟ ಸಮಯ ಎಂದೂ ದಂಡವಾಗುವುದಿಲ್ಲ. ಅಡಿಬಟ್ಟೆ ನಾಲ್ಕೂ ಕಡೆ ಮೂರು ನಾಲ್ಕು ಅಂಗುಲ ದೊಡ್ಡದಿರಲಿ. ಅದನ್ನು ನೆಲದ ಮೇಲೆ ಉಲ್ಟಾ ಹಾಸಿ, ಎಳೆಯದೆ, ಸುಕ್ಕಿಲ್ಲದಂತೆ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ. ಮೇಲೆ ಒಳಪದರ, ಅದರ ಮೇಲೆ ಮೇಲುಪದರ. ನಡುವಿನಿಂದ ಹೊರಕ್ಕೆ ಅಂಗೈ ಸವರುತ್ತ, ಒಂದೊಂದು ಮುಷ್ಟಿ ಅಂತರಕ್ಕೆ ಸೇಫ್ಟಿ ಪಿನ್ನು ಹಾಕಿ. ಪಿನ್ನು ಇಷ್ಟವಿಲ್ಲದವರು ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬಹುದು. ಕೌದಿಯವರು ನೆಲಕ್ಕೆ ಹಾಸಿ ಟಾಕು ಹಾಕುವುದು ಇದನ್ನೇ.

ಮಷೀನಿನಲ್ಲಿ ಕೌದಿಯ ನಡುವಿನಿಂದ ಶುರುಮಾಡಿ ಅಂಚಿಗೆ ಬರಬೇಕು. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಇದಕ್ಕೆ ಪೂರ್ತಿ ತದ್ವಿರುದ್ಧ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿರುವ ಈ ಆಫ್ರಿಕಾ ಮೂಲದ ಕನ್ನಡ ನಾಡಿಗರು ಹೊಲಿಯುವ ಕವಂದಿ ಒಂದು ಮೂಲೆಯಿಂದ ಆರಂಭವಾಗುತ್ತದೆ. ಅಂಚಿನಗುಂಟ ತುಂಡುಗಳನ್ನು ಇಡುತ್ತ, ಅಲ್ಲೇ ಹೊಲಿಯುತ್ತ, ಸುತ್ತು ಹಾಕಿಕೊಂಡು ಒಳಕ್ಕೆ ಸಾಗಿ ನಡುವಿನಲ್ಲಿ ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಮುಕ್ಕೋನದ ತುಂಡುಗಳು. ಅವಕ್ಕೆ ಫೂಲಾ ಎನ್ನುತ್ತಾರೆ. ಅವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ.

ಈ ಎರಡು ಕ್ರಮಕ್ಕೂ ಕಾರಣವಿದೆ. ಸಿದ್ದಿ ಹೆಣ್ಣುಮಗಳು ತುಂಡು ಇಡುವುದು, ಹೊಲಿಯುವುದು ಒಟ್ಟೊಟ್ಟಿಗೇ ನಡೆಯುತ್ತದೆ. ಬಟ್ಟೆ ಎಲ್ಲಾದರೂ ಉಬ್ಬಿದರೆ ಮುಂದಿನ ತುಂಡನ್ನು ಅದಕ್ಕೆ ತಕ್ಕಂತೆ ಮಡಚಿಕೊಂಡು ಆ ಉಬ್ಬನ್ನು ನುಂಗಿಬಿಡುತ್ತಾಳೆ. ಮಷೀನಿನ ಕೌದಿಯಲ್ಲಿ ಮೂರೂ ಪದರ ಮೊದಲೇ ಕತ್ತರಿಸಿ ಬಿಗಿದಾಗಿದೆ. ಅಂಚಿನಿಂದ ಹೊಲಿಯುತ್ತ ಬಂದರೆ ಹೆಚ್ಚಾದ ಬಟ್ಟೆಯೆಲ್ಲ ನಡುವಿನಲ್ಲಿ ಸೇರಿ ಮಡಿಕೆಯಾಗುತ್ತದೆ. ನಡುವಿನಿಂದ ಹೊರಟರೆ ಅದು ಅಂಚಿಗೆ ಸರಿದು ಹೊರಗೆ ಹೋಗುತ್ತದೆ.

2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಹೆಣ್ಣುಮಕ್ಕಳ ಕವಂದಿ ಸಹಕಾರಿ ಗುಂಪು ರೂಪುಗೊಂಡಿತು. ಆಮೇಲೆ ಅವರ ಕವಂದಿಗಳು ಅಮೆರಿಕದ ಮ್ಯೂಸಿಯಂಗಳ ಗೋಡೆ ಏರಿದವು. ಮಷೀನು ಹಿಡಿಯುವ ಮೊದಲು ಸಾಧ್ಯವಾದವರು ಒಂದು ಕವಂದಿಯನ್ನು ಹತ್ತಿರದಿಂದ ನೋಡಬೇಕು. ಗೆರೆಗಳು ಅಲ್ಲಿ ಸ್ಕೇಲಿಟ್ಟು ಎಳೆದಂತಿಲ್ಲ, ಅಂತರ ಒಂದೇ ಸಮ ಇಲ್ಲ. ಆದರೂ ಕಣ್ಣು ಎಲ್ಲೂ ಎಡವುವುದಿಲ್ಲ. ಫ್ರೀ ಮೋಷನ್ ಕಲಿಯುವವರು ಮೊದಲ ದಿನಗಳಲ್ಲಿ ತಮ್ಮ ಸೊಟ್ಟ ಗೆರೆ ನೋಡಿ ಎದೆಗುಂದುತ್ತಾರಲ್ಲ, ಅವರಿಗೆ ಕವಂದಿಗಿಂತ ದೊಡ್ಡ ಧೈರ್ಯ ಬೇರೆ ಸಿಗಲಾರದು.

ಮೊದಲ ಗೆರೆ

ಅಭ್ಯಾಸಕ್ಕೆ ಹದಿನೈದು ಅಂಗುಲದ ಚೌಕ ಸಾಕು. ಎರಡು ಹಳೆ ಬೆಡ್‌ಶೀಟಿನ ತುಂಡು, ನಡುವೆ ಒಳಪದರ. ಇದು ಹಾಳಾಗುವುದಕ್ಕೆಂದೇ ಇರುವ ತುಂಡು, ಇಂಥವು ಹಲವಾರು ಬೇಕಾಗುತ್ತವೆ.

ಪಾದದ ಸನ್ನೆಯನ್ನು ಕೆಳಗಿಳಿಸಿ. ಡಾರ್ನಿಂಗ್ ಫೂಟ್ ಬಟ್ಟೆಯಿಂದ ಕೊಂಚ ಮೇಲೆಯೇ ನಿಂತಂತೆ ಕಾಣುವುದರಿಂದ ಹೊಸಬರು ಇದನ್ನು ಮರೆಯುತ್ತಾರೆ. ಮರೆತರೆ ಮೇಲಿನ ದಾರಕ್ಕೆ ಬಿಗುವೇ ಇರುವುದಿಲ್ಲ, ಅಡಿಯಲ್ಲಿ ದಾರದ ಗೂಡು ಕಟ್ಟಿಕೊಳ್ಳುತ್ತದೆ. ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಬಾಬಿನ್ನಿನ ದಾರವನ್ನು ಮೇಲಕ್ಕೆ ತಂದುಕೊಳ್ಳಿ. ಎರಡೂ ದಾರದ ತುದಿಯನ್ನು ಹಿಡಿದು ಅಲ್ಲಲ್ಲೇ ನಾಲ್ಕಾರು ಸಣ್ಣ ಹೊಲಿಗೆ ಹಾಕಿ, ತುದಿ ಕತ್ತರಿಸಿ. ಈಗ ಕೈಗಳು ಸೂಜಿಯ ಎರಡು ಬದಿಯಲ್ಲಿ, ಸುಮಾರು ಎರಡು ಅಂಗುಲ ದೂರದಲ್ಲಿ, ಬಟ್ಟೆಯನ್ನು ತಟ್ಟೆಗೆ ಸಮನಾಗಿ ಹರಡಿ ಹಿಡಿದಿರಬೇಕು. ಎಂಬ್ರಾಯ್ಡರಿಯವರ ರಿಂಗಿನ ಕೆಲಸ ಇಲ್ಲಿ ಈ ಎರಡು ಅಂಗೈಗಳದು. ಕೈ ಜಾರುತ್ತಿದ್ದರೆ ರಬ್ಬರ್ ಚುಕ್ಕೆಯ ಕೈಗವಸು ಹಾಕಿಕೊಳ್ಳಿ.

ಕಷ್ಟವೆಲ್ಲ ಇರುವುದು ಕಾಲು ಮತ್ತು ಕೈಯ ಲೆಕ್ಕ ಕೂಡಿಸುವುದರಲ್ಲಿ. ಮಷೀನು ಓಡುತ್ತಿರುವಾಗ ಕೈ ನಿಧಾನವಾದರೆ ಹೊಲಿಗೆ ಒಂದರ ಮೇಲೊಂದು ಬಿದ್ದು ಸಾಸಿವೆಯಂತಾಗುತ್ತದೆ. ಕೈ ಧಾವಿಸಿದರೆ ಹೊಲಿಗೆ ಅಕ್ಕಿಕಾಳಿನಷ್ಟು ಉದ್ದವಾಗುತ್ತದೆ, ಬಟ್ಟೆಯ ಸೆಳೆತಕ್ಕೆ ಸೂಜಿ ಬಾಗಿ ಮುರಿಯಲೂಬಹುದು. ಹೊಸಬರು ಹೆದರಿ ಮಷೀನನ್ನು ತೀರ ಮೆಲ್ಲಗೆ ಓಡಿಸುತ್ತಾರೆ, ಕೈಯನ್ನು ಮಾತ್ರ ಅವಸರದಿಂದ ಎಳೆಯುತ್ತಾರೆ. ಆಗಬೇಕಾದ್ದು ಅದರ ಉಲ್ಟಾ. ಮಷೀನು ಮಧ್ಯಮ ವೇಗದಲ್ಲಿ ಒಂದೇ ಸಮ ಓಡುತ್ತಿರಲಿ, ಕೈ ಸಾವಕಾಶ ಸಾಗಲಿ. ಅಂಗುಲಕ್ಕೆ ಎಂಟರಿಂದ ಹತ್ತು ಹೊಲಿಗೆ ಬಿದ್ದರೆ ಹದ ಬಂದಂತೆ. ಕಿವಿಯನ್ನೂ ಕೆಲಸಕ್ಕೆ ಹಚ್ಚಿ: ಮಷೀನಿನ ಸದ್ದು ಏರಿಳಿಯುತ್ತಿದ್ದರೆ ಹೊಲಿಗೆಯೂ ಏರುಪೇರಾಗಿರುತ್ತದೆ. ಕಣ್ಣು ಸೂಜಿಯ ಮೇಲಲ್ಲ, ಮುಂದೆ ಎಲ್ಲಿಗೆ ಹೋಗಬೇಕೋ ಅಲ್ಲಿರಬೇಕು. ನಿಲ್ಲಿಸುವಾಗಲೆಲ್ಲ ಸೂಜಿ ಬಟ್ಟೆಯೊಳಗೆ ಇಳಿದಿರಲಿ, ಕೈಯ ಜಾಗ ಬದಲಿಸುವಷ್ಟರಲ್ಲಿ ಗೆರೆ ಜಿಗಿಯುವುದಿಲ್ಲ. ಹೊಲಿಗೆಯ ಉದ್ದವನ್ನು ತಾನೇ ಸರಿದೂಗಿಸುವ ಉಪಕರಣವಿರುವ ದುಬಾರಿ ಮಷೀನುಗಳು ಬಂದಿವೆ. ಕಲಿಯುವಾಗ ಅವುಗಳ ಹಂಗು ಬೇಡ ಎಂಬುದು ನನ್ನ ಅಭಿಪ್ರಾಯ, ಕೈಗೆ ಬಂದ ಲಯ ಯಾವ ಮಷೀನಿಗೆ ಹೋದರೂ ಜೊತೆಗಿರುತ್ತದೆ.

ಒಂದು ಚೌಕ ಮುಗಿದೊಡನೆ ಮಗುಚಿ ಹಿಂಬದಿ ನೋಡಿ. ಮೇಲ್ಭಾಗದಲ್ಲಿ ಬಾಬಿನ್ ದಾರದ ಚುಕ್ಕೆ ಇಣುಕುತ್ತಿದ್ದರೆ ಮೇಲಿನ ಟೆನ್ಷನ್ ಬಿಗಿ ಹೆಚ್ಚಾಯಿತು. ಹಿಂಬದಿಯಲ್ಲಿ, ಅದರಲ್ಲೂ ತಿರುವುಗಳಲ್ಲಿ, ಮೇಲಿನ ದಾರ ಕಣ್ಣೆವೆಯ ಹಾಗೆ ಕುಣಿಕೆ ಬಿಟ್ಟಿದ್ದರೆ ಟೆನ್ಷನ್ ಸಡಿಲ, ಇಲ್ಲವೇ ತಿರುವಿನಲ್ಲಿ ಕೈ ಓಡಿತು. ತಿರುವಿನಲ್ಲಿ ಎಲ್ಲರ ಕೈಯೂ ಓಡುತ್ತದೆ, ಆದ್ದರಿಂದ ತಿರುಪು ತಿರುಗಿಸುವ ಮೊದಲು ಕೈಯನ್ನು ತಿದ್ದಿ ನೋಡಿ. ಮೇಲೆ ಕೆಳಗೆ ಒಂದೇ ಬಣ್ಣದ ದಾರ ಹಾಕಿದರೆ ಸಣ್ಣಪುಟ್ಟ ಲೋಪ ಕಾಣುವುದಿಲ್ಲ.

ಯಾವ ಚಿತ್ತಾರ ಹೊಲಿಯಬೇಕು? ಫ್ರೀ ಮೋಷನ್ ಕಲಿಸುವವರೆಲ್ಲ ಮೊದಲು ಪೆನ್ಸಿಲು ಕೊಡುತ್ತಾರೆ, ಕಾಗದದಿಂದ ಎತ್ತದೆ ಗೆರೆ ಎಳೆಯಿರಿ ಎನ್ನುತ್ತಾರೆ. ದಾರ ಕತ್ತರಿಸದೆ ಇಡೀ ಕೌದಿ ತುಂಬಬೇಕಾದರೆ ಗೆರೆ ಎಲ್ಲೂ ಕಡಿಯಬಾರದು. ಚುಕ್ಕಿ ಇಟ್ಟು ಅದರ ಸುತ್ತ ಒಂದೇ ಎಳೆಯಲ್ಲಿ ಸುತ್ತಿ ಬರುವ ರಂಗೋಲಿ ಹಾಕಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬಳಪದಿಂದ ಮೇಲುಬಟ್ಟೆಯ ಮೇಲೆ ಚುಕ್ಕಿ ಇಟ್ಟುಕೊಂಡು ಅದೇ ಎಳೆಯನ್ನು ಸೂಜಿಯಿಂದ ಬಿಡಿಸಿ. ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ: ರಂಗೋಲಿಯಲ್ಲಿ ಕೈ ಚಲಿಸುತ್ತದೆ, ನೆಲ ನಿಂತಿರುತ್ತದೆ. ಇಲ್ಲಿ ಸೂಜಿ ನಿಂತಿರುತ್ತದೆ, ಬಟ್ಟೆಯೇ ಚಲಿಸುತ್ತದೆ. ಗೆರೆ ಬಲಕ್ಕೆ ಹೋಗಬೇಕೆಂದರೆ ಬಟ್ಟೆ ಎಡಕ್ಕೆ ಸರಿಯಬೇಕು. ಮೊದಮೊದಲು ತಲೆ ಗೊಂದಲವಾಗುವುದು ಇಲ್ಲಿಯೇ.

ಒಂದನ್ನೊಂದು ದಾಟದೆ ಹೊಳೆಯಂತೆ ಅಂಕುಡೊಂಕಾಗಿ ಹರಿಯುವ ಗೆರೆ ಈ ವಿದ್ಯೆಯ ಅ ಆ ಇ ಈ. ಹೊಸಬರಿಗೆ ಮೊದಲ ಪಾಠವಾಗಿ ಅದನ್ನೇ ಕೊಡುವುದು ವಾಡಿಕೆ. ಗೆರೆ ದಾಟಬಾರದೆಂಬ ಭಯದಲ್ಲಿ ಕೈ ಬಿಗಿಯುವುದರಿಂದ ಅದಕ್ಕಿಂತ ಕುಣಿಕೆಗಳ ಸಾಲು ಸುಲಭ ಎಂದು ನನ್ನ ಎಣಿಕೆ. ಕುಣಿಕೆ ಬಂದಮೇಲೆ ಎಲೆ, ಎಲೆ ಬಂದಮೇಲೆ ಬಳ್ಳಿ, ಸುಳಿ. ಒಂದು ಎಲೆ ಮುಗಿಸಿ ಮುಂದಿನದಕ್ಕೆ ಹೋಗಲು ಹೊಲಿದ ಗೆರೆಯ ಮೇಲೆಯೇ ಹಿಂತಿರುಗಿ ಬರಬೇಕಾಗುತ್ತದೆ. ಧಾರವಾಡದ ಕಸೂತಿಯ ಗವಂತಿ ಹೊಲಿಗೆ ಬಲ್ಲವರಿಗೆ ಈ ಹೋಗಿಬರುವ ದಾರಿ ಪರಿಚಿತ. ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತಾರೆ, ಎಲ್ಲಿ ಹೊರಳಿದರೆ ದಾರ ಕಡಿಯದೆ ಗೋಪುರ ಮುಗಿಯುತ್ತದೆಂಬ ಲೆಕ್ಕ ಮೊದಲೇ ತಲೆಯಲ್ಲಿರುತ್ತದೆ. ಅದೇ ಲೆಕ್ಕ ಇಲ್ಲೂ ಬೇಕು. ಕಸೂತಿಯ ತೇರು, ತುಳಸಿಕಟ್ಟೆಗಳನ್ನು ಹೀಗೆ ಕೌದಿಯ ನಡುವಿಗೆ ತಂದು ಸುತ್ತ ಬಳ್ಳಿ ಹರಿಸಿದರೆ ಅದು ಯಾರ ನಕಲೂ ಆಗುವುದಿಲ್ಲ.

ಮಷೀನಿನಲ್ಲಿ ಹೊಲಿದದ್ದು ಕಲೆಯೇ ಅಲ್ಲ ಎನ್ನುವವರು ಹೊರದೇಶಗಳಲ್ಲೂ ಇದ್ದರು. ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ ನಡೆಯುವ ದೊಡ್ಡ ಕ್ವಿಲ್ಟ್ ಪ್ರದರ್ಶನದ ಮೊದಲ ಬಹುಮಾನ ಕೈಹೊಲಿಗೆಗೇ ಮೀಸಲು ಎಂಬಂತಿತ್ತು. 1989ರಲ್ಲಿ ಕ್ಯಾರಲ್ ಬ್ರೈಯರ್ ಫ್ಯಾಲರ್ಟ್ ಅವರ ಸೂರ್ಯಗ್ರಹಣದ ಚಿತ್ರವಿರುವ ಮಷೀನ್ ಕ್ವಿಲ್ಟಿಗೆ ಆ ಬಹುಮಾನ ಬಂತು. ಅಲ್ಲಿಂದೀಚೆಗೆ ವಾದದ ಕಾವು ಇಳಿಯಿತು. ನಮ್ಮಲ್ಲಿ ಆ ವಾದ ಹುಟ್ಟುವ ಮೊದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಮಷೀನು ಕೈಕೌದಿಯ ಜಾಗ ತುಂಬಲಾರದು, ತುಂಬಬಾರದು. ಓಟದ ಹೊಲಿಗೆಯಲ್ಲಿ ಒಂದೇ ದಾರ ಪದರಗಳ ಮೇಲೆ ಕೆಳಗೆ ಹಾಯ್ದು ಹೋಗುವುದರಿಂದ ಬಟ್ಟೆಗೆ ಸಡಿಲವಿರುತ್ತದೆ, ಕೌದಿ ಮೈಗೆ ಅಂಟಿಕೊಳ್ಳುತ್ತದೆ. ಮಷೀನಿನಲ್ಲಿ ಎರಡು ದಾರ ನಡುವೆ ಕೊಂಡಿ ಹಾಕಿಕೊಳ್ಳುತ್ತವೆ. ಹೊಲಿಗೆ ಗಟ್ಟಿ, ಬಟ್ಟೆ ಬಿಗಿ. ಗೆರೆಗಳನ್ನು ಒತ್ತೊತ್ತಾಗಿ ತುಂಬಿದರೆ ಕೌದಿ ರಟ್ಟಿನಂತಾಗುತ್ತದೆ. ಚೆನ್ನಾಗಿ ಕಲಿತವರು ಮಾಡುವ ತಪ್ಪು ಇದೇ, ಕೈ ಓಡುತ್ತದೆಂದು ಖಾಲಿ ಜಾಗ ಬಿಡದೆ ತುಂಬುತ್ತಾರೆ. ಹೊದೆಯುವ ಕೌದಿಗೆ ಗೆರೆಗೂ ಗೆರೆಗೂ ಎರಡು ಅಂಗುಲ ಅಂತರ ಧಾರಾಳವಾಗಿ ಇರಲಿ.

ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಹರಿದಿದ್ದರೆ ಅದನ್ನು ಮಷೀನಿಗೆ ಕೊಡಬೇಡಿ, ಕೈಯಿಂದಲೇ ತೇಪೆ ಹಾಕಿ. ಕೈಯಲ್ಲಿ ಹೊಲಿದುಕೊಡುವ ಹೆಂಗಸರು ಇನ್ನೂ ಓಣಿಗೆ ಬರುತ್ತಿದ್ದರೆ ಮಷೀನಿನ ದರ ಹೇಳಿ ಅವರೊಡನೆ ಚೌಕಾಸಿ ಮಾಡಬೇಡಿ. ಒಂದು ದೊಡ್ಡ ಕೌದಿಗೆ ಎಷ್ಟು ಸಾವಿರ ಸಲ ಸೂಜಿ ಇಳಿದು ಎದ್ದಿರುತ್ತದೆಂದು, ಎಷ್ಟು ಸಂಜೆ ಬೆನ್ನು ಬಾಗಿರುತ್ತದೆಂದು ಮಷೀನಿನಲ್ಲಿ ಒಂದು ಕೌದಿ ಮುಗಿಸಿದ ಮೇಲೆ ನಿಮಗೇ ಅಂದಾಜಾಗುತ್ತದೆ. ಆ ಅಂದಾಜಿನಲ್ಲಿ ಕೂಲಿ ಕೊಡಿ. ನೀವೇ ಮಷೀನಿನಲ್ಲಿ ಹೊಲಿದು ಮಾರುವ ಮಟ್ಟಕ್ಕೆ ಬಂದರೆ ಬಟ್ಟೆ ಹಳೆಯದೆಂದು ನಿಮ್ಮ ಗಂಟೆಗಳನ್ನು ಬಿಟ್ಟಿಯಾಗಿ ಕೊಡಬೇಡಿ.

ಅಭ್ಯಾಸದ ಚೌಕಗಳು ಮುಗಿದ ಮೇಲೆ ಮೊದಲ ಪೂರ್ಣ ಕೆಲಸವಾಗಿ ದೊಡ್ಡ ಹೊದಿಕೆಗೆ ಕೈಹಾಕುವುದು ಬೇಡ. ಮನೆ ಮಷೀನಿನ ತೋಳಿನ ಕೆಳಗೆ ಸೂಜಿಯಿಂದ ಬಲಕ್ಕೆ ಆರೇಳು ಅಂಗುಲ ಜಾಗ ಮಾತ್ರ ಇರುತ್ತದೆ. ಇಬ್ಬರು ಹೊದೆಯುವ ಕೌದಿಯನ್ನು ಸುತ್ತಿ ಅದರೊಳಗೆ ತೂರಿಸುವುದರಲ್ಲೇ ತೋಳು ಸೋಲುತ್ತದೆ. ತೊಟ್ಟಿಲ ಕೌದಿ ಹೊಲಿಯಿರಿ: ಒಂದು ಗಜ ಅಗಲ, ಒಂದೂಕಾಲು ಗಜ ಉದ್ದ. ಎಡಗಡೆ ಮಷೀನಿನ ಎತ್ತರಕ್ಕೆ ಸರಿಯಾಗಿ ಒಂದು ಮೇಜು ಇಟ್ಟುಕೊಂಡು ಕೌದಿಯ ಭಾರವನ್ನು ಅದರ ಮೇಲೆ ಬಿಡಿ. ಬಟ್ಟೆ ಕೆಳಗೆ ಜೋತುಬಿದ್ದು ಜಗ್ಗಿದರೆ ಎಷ್ಟು ನುರಿತ ಕೈಯಲ್ಲೂ ಹೊಲಿಗೆ ಏರುಪೇರಾಗುತ್ತದೆ. ಮಷೀನು ಮರದ ಟೇಬಲಿನೊಳಗೆ ಇಳಿದು ಸಮನಾಗಿ ಕೂತಿದ್ದರೆ ಅದೇ ದೊಡ್ಡ ಅನುಕೂಲ. ನಡುವಿನಿಂದ ಶುರುಮಾಡಿ, ಪಿನ್ನು ಎದುರಾದಂತೆಲ್ಲ ನಿಲ್ಲಿಸಿ ತೆಗೆಯುತ್ತ, ಅಂಚಿಗೆ ಬನ್ನಿ. ಉಳಿದ ಅಡಿಬಟ್ಟೆ ಕತ್ತರಿಸಿ, ಹಳೆಯ ಸೀರೆಯ ದಡಿಯನ್ನೇ ಅಂಚುಪಟ್ಟಿಯಾಗಿ ಮಡಚಿ ಹಲ್ಲು ಏರಿಸಿದ ಮಷೀನಿನಲ್ಲಿ, ಮಾಮೂಲು ಪಾದ ಹಾಕಿ, ನೇರ ಹೊಲಿಯಿರಿ. ಮನಸ್ಸಿದ್ದರೆ ನಾಲ್ಕು ಮೂಲೆಗೆ ಕೈಯಿಂದ ಫೂಲಾ ಇಡಿ. ಒಂದೇ ಒಂದು ಪಿನ್ನೂ ಒಳಗೆ ಉಳಿದಿಲ್ಲವೆಂದು ಕೈಯಾಡಿಸಿ ನೋಡಿ, ಎಣಿಸಿ. ಆಮೇಲೆ ತಣ್ಣೀರಿನಲ್ಲಿ ಗಂಜಿ ಬಿಡುವವರೆಗೆ ಒಗೆದು, ಹಿಂಡದೆ, ಬಿಸಿಲಿಗೆ ಅಗಲವಾಗಿ ಹರಡಿ. ಒಣಗಿದ ಮೇಲೆ ಒಳಪದರದ ಹತ್ತಿ ಕೊಂಚ ಕುಗ್ಗಿ ಗೆರೆಗಳ ನಡುವೆ ಸಣ್ಣ ಉಬ್ಬು ಎದ್ದಿರುತ್ತದೆ. ಅದಕ್ಕೆ ಇಸ್ತ್ರಿ ಹಾಕಬಾರದು.